ಹೊಳೆಗೆ ಮುಖ ಮಾಡಿದ ಇಗರ್ಜಿ

ಕಟ್ಟಡದ ಮಾಡೆಲ್ ಮಾಡುವ ಕೆಲಸಕ್ಕೆ ಹೊಸದಾಗಿ ಸೇರುವವರು ಒಂದು ಸಂಗತಿ ಮೊದಲೇ ತಿಳಿದಿರಬೇಕು. ಇದರಲ್ಲಿ ಎಷ್ಟು ಕಟ್ಟಡ ಕಟ್ಟಿದರೂ ಒಂದರ ಒಳಗೂ ಹೋಗಿ ಕೂರಲಿಕ್ಕಾಗುವುದಿಲ್ಲ. ಕುವೈತಿನ ಶುವೈಖ್ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಒಂದು ಬದಿಗೆ ಕಾರಿನ ಗ್ಯಾರೇಜು, ಇನ್ನೊಂದು ಬದಿಗೆ ಟಯರಿನ ಗೋದಾಮು ಇದ್ದ ವರ್ಕ್‌ಶಾಪಿನಲ್ಲಿ ನನ್ನ ಪ್ರಾಯವೆಲ್ಲ ಕಳೆಯಿತು. ಬಿಲ್ಡರುಗಳು ಮುಂದೆ ಕಟ್ಟಲಿರುವ ಟವರು, ಮಾಲು, ವಿಲ್ಲಾಗಳನ್ನು ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕದು ಮಾಡಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು, ‘ಮುಟ್ಟಬೇಡಿ’ ಎಂಬ ಬೋರ್ಡು ಅಂಟಿಸಿ ಕಳಿಸುವುದು ನಮ್ಮ ಕೆಲಸ. ಈಗಲೂ ಬಸ್ಸಿನಲ್ಲಿ ಹೋಗುವಾಗ ಯಾವುದಾದರೂ ಟವರು ಕಂಡರೆ, ‘ಅದರ ಬಾಲ್ಕನಿಯ ಸರಳು ಕೂರಿಸಿದ್ದು ನಾನು’ ಎಂದು ಹೆಂಡತಿಗೆ ತೋರಿಸುತ್ತೇನೆ. ‘ನಿಮ್ಮದು ಗೋಂದಿನದ್ದು, ಅದು ಕಬ್ಬಿಣದ್ದು, ಸುಮ್ಮನೆ ಕೂತುಕೊಳ್ಳಿ’ ಅನ್ನುತ್ತಾಳೆ ಅವಳು.

ಕಳೆದ ವರ್ಷ ನಿವೃತ್ತನಾದೆ. ಹೆಂಡತಿ ಪುಷ್ಪಾ ಇಲ್ಲಿನ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಅವಳ ಕೆಲಸ ಮುಗಿಯುವವರೆಗೆ ನಾನೂ ಮೈದಾನ್ ಹವಲ್ಲಿಯ ಈ ಫ್ಲ್ಯಾಟಿನಲ್ಲಿದ್ದೇನೆ. ಅವಳು ಡ್ಯೂಟಿಗೆ ಹೋದ ಮೇಲೆ ಕೈ ಸುಮ್ಮನಿರುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಯಾವಾಗ ಫೋರ್‌ಮನ್ ಆದೆ, ಯಾವಾಗ ಸಂಬಳ ಏರಿತು ಎಂಬ ಪುರಾಣ ನಿಮಗೆ ಬೇಡ, ನನಗೂ ನೆನಪಿಲ್ಲ. ನೆನಪಿರುವುದು ರಷ್ಯದ ಒಂದು ಹಳ್ಳಿಯ ಮರದ ಇಗರ್ಜಿ, ಅವರ ಚರ್ಚು. ನಾನು ಆ ದೇಶ ನೋಡಿದವನಲ್ಲ. ಆದರೂ ಸಂಜೆ ಬಾಲ್ಕನಿಯಲ್ಲಿ ನಿಂತಾಗ ಊರಿನ ನೆನಪಾಗುವ ಹಾಗೆಯೇ ಆ ಹಳ್ಳಿಯ ನೆನಪೂ ಆಗುತ್ತದೆ. ಯಾಕೆ ಎಂಬುದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮದು ಕಾರ್ಕಳದ ಹತ್ತಿರದ ಆಚಾರ್ಯರ ಮನೆ. ಅಪ್ಪ ದೈವಸ್ಥಾನ, ದೇವಸ್ಥಾನಗಳಿಗೆ ಮರದ ಕೆಲಸ ಮಾಡುತ್ತಿದ್ದರು. ಅವರಿಂದ ಎರಡು ವಿಷಯ ಕಲಿತುಕೊಂಡು ಬಂದೆ. ಒಂದು, ಮರಕ್ಕೆ ಮರದ್ದೇ ಗೂಟ ಹೊಡೆದು ಕೂಡಿಸಬೇಕು, ನಾಳೆ ಬಿಚ್ಚುವ ಸಂದರ್ಭ ಬಂದರೆ ಕಟ್ಟಡಕ್ಕೆ ನೋವಾಗಬಾರದು. ಎರಡು, ಮಾಡಿನ ತುದಿಗೆ ಕಲಶ ಕೂರಿಸುವಾಗ ಆಚಾರಿ ಕೆಳಗೆ ನಿಲ್ಲಬೇಕು, ಆ ಕೆಲಸ ಯಾರ ಗುಡಿಯೋ ಅವರ ಕೈಯಿಂದಲೇ ಆಗಬೇಕು. ಇದು ಅಪ್ಪನ ಹಟ. ಕುವೈತಿಗೆ ಬಂದ ಮೇಲೂ ನಾನು ಬಿಡಲಿಲ್ಲ. ಯಾವ ಮಾಡೆಲ್ ಆದರೂ ತುದಿಯ ಚಿಕ್ಕದೊಂದು ತುಂಡನ್ನು ಹಾಗೇ ಇಟ್ಟುಕೊಂಡು, ಒಪ್ಪಿಸುವ ದಿನ ಗಿರಾಕಿಯ ಕೈಯಿಂದ ಇಡಿಸುತ್ತಿದ್ದೆ. ಬಿಲ್ಡರುಗಳು ಮಕ್ಕಳ ಹಾಗೆ ಖುಷಿಪಡುತ್ತಿದ್ದರು. ನಮ್ಮ ಮ್ಯಾನೇಜರ್‌ಗೆ ಅದು ಒಳ್ಳೆಯ ವ್ಯಾಪಾರದ ಉಪಾಯವಾಗಿ ಕಂಡಿತು. ಮೂರನೆಯದೂ ಒಂದಿತ್ತು: ದೇವರ ಗುಡಿಯ ಬಾಗಿಲು ಮೂಡಕ್ಕೆ. ಇದನ್ನು ಅಪ್ಪ ಕಲಿಸಿರಲಿಲ್ಲ. ಕಲಿಸಬೇಕಾದ ವಿಷಯ ಎಂದೇ ನಮ್ಮಲ್ಲಿ ಯಾರಿಗೂ ಅನಿಸಿರಲಿಲ್ಲ.

ಮ್ಯಾನೇಜರ್ ಜೋರ್ಡಾನ್ ಕಡೆಯವರು, ನಾವೆಲ್ಲ ಅರಬಿಯಲ್ಲಿ ಮುದೀರ್ ಅನ್ನುತ್ತಿದ್ದೆವು. ಕೆಟ್ಟವರಲ್ಲ. ಆದರೆ ಬಾಯಿ ತೆರೆದರೆ ‘ಯಲ್ಲಾ ಯಲ್ಲಾ, ಜಲ್ದಿ ಕರೋ’ ಬಿಟ್ಟು ಬೇರೆ ಮಂತ್ರವಿಲ್ಲ. ಕೆಲಸ ಮುಗಿಯುವ ಮೊದಲೇ ‘ಖಲಾಸ್’ ಎಂದು ಗಿರಾಕಿಗೆ ಫೋನು ಮಾಡಿ ನಮ್ಮ ಮಂಡೆ ಬೆಚ್ಚ ಮಾಡುವುದರಲ್ಲಿ ಎತ್ತಿದ ಕೈ. ಬಣ್ಣದ ಕೆಲಸಕ್ಕೆ ಹಮೀದಾಕ ಇದ್ದರು. ಉಳ್ಳಾಲದ ಬ್ಯಾರಿ, ನನಗಿಂತ ಹಿರಿಯರು. ಮನೆಗೆ ಫೋನು ಮಾಡಿದರೆ ಬ್ಯಾರಿ ಭಾಷೆ, ನನ್ನ ಹತ್ತಿರ ತುಳು, ಮುದೀರ್ ಹತ್ತಿರ ಅರಬಿ, ಸಿಟ್ಟು ಬಂದರೆ ಹಿಂದಿ. ನಮ್ಮ ತುಳುವನ್ನು ಇಲ್ಲಿ ಕನ್ನಡ ಮಾಡಿ ಬರೆಯುತ್ತೇನೆ.

ನಾನು ಸೇರಿದಾಗ ಎಲ್ಲವೂ ಬ್ಲೇಡಿನ ಕೆಲಸ. ಒಂದು ಟವರಿನ ಕಿಟಕಿಗಳನ್ನೆಲ್ಲ ಕೊರೆದು ಮುಗಿಸುವಷ್ಟರಲ್ಲಿ ಬೆರಳ ತುದಿಗೆ ಸ್ಪರ್ಶ ಅನ್ನುವುದೇ ಇರುತ್ತಿರಲಿಲ್ಲ. ಆಮೇಲೆ ಲೇಸರ್ ಮೆಷಿನ್ ಬಂತು. ವಾರದ ಕೆಲಸ ಚಹಾ ಕುಡಿದು ಬರುವಷ್ಟರಲ್ಲಿ ಆಗುತ್ತಿತ್ತು. ಆಮೇಲೆ ಪ್ರಿಂಟರ್ ಬಂತು, ಕಂಬ, ಮೆಟ್ಟಿಲು, ಮನುಷ್ಯರು ಎಲ್ಲ ಅದರ ಹೊಟ್ಟೆಯಿಂದಲೇ ಹುಟ್ಟತೊಡಗಿದವು. ಹಳೆಯದೇ ಒಳ್ಳೆಯದಿತ್ತು ಎಂದು ಗೋಳಾಡುವ ಜಾತಿ ನಾನಲ್ಲ. ಮೆಷಿನ್ ಬಂದದ್ದರಿಂದ ನನ್ನ ಕಣ್ಣು ಉಳಿಯಿತು. ಆದರೆ ಮೆಷಿನ್ ಒಂದು ಚಟ ಹಿಡಿಸಿತು: ಒಂದನ್ನು ಸರಿಯಾಗಿ ಮಾಡು, ಉಳಿದದ್ದನ್ನು ಅದರಂತೆಯೇ ತೆಗೆ. ಆ ಚಟದಿಂದಲೇ ನಾವು ರಷ್ಯದವರ ಎದುರು ನಗೆಪಾಟಲಾದದ್ದು.

ಒಂದು ಟ್ರಾವೆಲ್ ಕಂಪನಿಯವರು ಮಾಲ್ ಒಂದರಲ್ಲಿ ರಷ್ಯದ ಪ್ರಸಿದ್ಧ ಕಟ್ಟಡಗಳ ಪ್ರದರ್ಶನ ಇಡುವವರಿದ್ದರು. ಮಾಸ್ಕೋದ ಕೆಂಪು ಚೌಕದ ಬಣ್ಣಬಣ್ಣದ ಗುಮ್ಮಟಗಳ ಕೆಥೆಡ್ರಲ್, ಕ್ರೆಮ್ಲಿನ್ ಗಡಿಯಾರದ ಗೋಪುರ, ಪೀಟರ್ಸ್‌ಬರ್ಗಿನ ಚಿನ್ನದ ಸೂಜಿಯಂಥ ಶಿಖರ. ಮುದೀರ್ ಫೋಟೋಗಳ ಕಟ್ಟು ತಂದು ಮೇಜಿನ ಮೇಲೆ ಹಾಕಿದರು. ನನಗೆ ನೋಡಿದ ಕೂಡಲೇ ಆಸೆ ಹುಟ್ಟಿತು. ವರ್ಷಗಟ್ಟಲೆ ಚೌಕ ಪೆಟ್ಟಿಗೆಗಳನ್ನೇ ಮಾಡಿದವನಿಗೆ ಈರುಳ್ಳಿಯ ಆಕಾರದ ಗುಮ್ಮಟ ಸಿಕ್ಕಿದರೆ ಕೇಳಬೇಕೇ!

ಕೆಥೆಡ್ರಲ್‌ನ ಗುಮ್ಮಟಗಳಲ್ಲಿ ನಡುವಿನದ್ದೊಂದು ಮಾತ್ರ ಬೇರೆ ಎಂದು ನಾವು ತಿಳಿದೆವು. ಸುತ್ತಲಿನ ಒಂದನ್ನು ನಾನು ತುಂಬ ಚೆನ್ನಾಗಿ ಮಾಡಿದೆ, ಉಳಿದದ್ದನ್ನು ಅದರಂತೆಯೇ ಅಚ್ಚು ತೆಗೆದೆವು. ಫೋಟೋದಲ್ಲಿ ಒಂದೊಂದು ಒಂದೊಂದು ತರ ಕಾಣುತ್ತಿತ್ತು, ಬೆಳಕಿನ ದೋಷ ಅಂದುಕೊಂಡೆವು. ದೇವರ ಕಟ್ಟಡದಲ್ಲಿ ಎಡಕ್ಕೊಂದು ಬಲಕ್ಕೊಂದು ಇದ್ದರೆ ಜೋಡಿಯಾಗಿಯೇ ಇರಬೇಕಲ್ಲ! ಇಷ್ಟಕ್ಕೇ ನಿಲ್ಲಲಿಲ್ಲ. ಅವರ ಶಿಲುಬೆಯ ಕೆಳಗೆ ಓರೆಯಾಗಿ ಇನ್ನೊಂದು ಸಣ್ಣ ಅಡ್ಡಪಟ್ಟಿ ಇರುತ್ತದೆ. ನಮ್ಮ ಕಸುಬಿನಲ್ಲಿ ಓರೆ ಅಂದರೆ ಕೆಲಸ ಕೆಟ್ಟಿತು ಎಂದೇ ಲೆಕ್ಕ. ‘ಪ್ರಿಂಟರ್ ಎಡವಟ್ಟು ಮಾಡಿದೆ’ ಎಂದು ನಾವಿಬ್ಬರೂ ಕೂತು ಎಲ್ಲವನ್ನೂ ಬಿಸಿ ಮಾಡಿ ನೇರ ಮಾಡಿದೆವು. ಗೋಪುರದ ಬುಡಕ್ಕೆ ಹಿಮ ಬೇಕಿತ್ತು. ಹಮೀದಾಕ ಪುಡಿ ಉಪ್ಪು ಸುರಿದರು, ನೋಡಲಿಕ್ಕೆ ಚಂದವೇ ಇತ್ತು. ಆಗಸ್ಟ್ ತಿಂಗಳು, ಸಮುದ್ರದ ಕಡೆಯ ಗಾಳಿ, ಎರಡು ದಿನ ಎ.ಸಿ. ಕೆಟ್ಟಿತು. ಬಂದು ನೋಡಿದರೆ ಕ್ರೆಮ್ಲಿನ್ ಬೆವರು ಸುರಿಸಿಕೊಂಡು ನಿಂತಿದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರು ಬಿಡುವುದನ್ನು ಹುಟ್ಟಿನಿಂದ ನೋಡಿದ ಕರಾವಳಿಯವರಿಬ್ಬರು ಮಾಡಿದ ಕೆಲಸ ಇದು.

‘ಮುದೀರ್‌ಗೆ ಹೇಳುವುದು ಯಾರು?’ ಅಂದೆ.

‘ಬೆಕ್ಕಿನ ಕೊರಳಿಗೆ ಗಂಟೆ ನೀನೇ ಕಟ್ಟು ಮಾರಾಯ,’ ಅಂದರು ಹಮೀದಾಕ. ‘ನನಗೆ ಬಿ.ಪಿ. ಉಂಟು.’

ಹೇಳುವ ಮೊದಲೇ ಪರೀಕ್ಷೆಗೆ ಒಬ್ಬರು ಬಂದುಬಿಟ್ಟರು. ಟ್ರಾವೆಲ್ ಕಂಪನಿಯವರು ಕಳಿಸಿದ ರಷ್ಯದ ಹೆಂಗಸು, ಹೆಸರು ಲಿದಿಯಾ. ರಷ್ಯದಲ್ಲಿ ಓದಲು ಹೋಗಿದ್ದ ಕುವೈತಿಯನ್ನು ಮದುವೆಯಾಗಿ ಚಿಕ್ಕ ಪ್ರಾಯದಲ್ಲೇ ಇಲ್ಲಿಗೆ ಬಂದವರು. ನಮ್ಮಿಬ್ಬರ ಮಾತು ಅರ್ಧ ಅರಬಿ, ಅರ್ಧ ಇಂಗ್ಲಿಷ್. ಅವರು ಕೆಥೆಡ್ರಲ್ ಸುತ್ತ ಒಂದು ಸುತ್ತು ಬಂದರು, ಇನ್ನೊಂದು ಸುತ್ತು ಬಂದರು. ಆಮೇಲೆ ಬಾಯಿಗೆ ಕೈ ಹಿಡಿದುಕೊಂಡು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

‘ಮುಅಲ್ಲಿಮ್,’ ಅಂದರು. ಮೇಸ್ತ್ರಿಗಳನ್ನು ಹೀಗೆ ಕರೆಯುವುದು ಇಲ್ಲಿನ ರೂಢಿ. ‘ನಮ್ಮ ಗುಮ್ಮಟಗಳನ್ನೆಲ್ಲ ಅವಳಿ ಮಕ್ಕಳು ಮಾಡಿಬಿಟ್ಟಿದ್ದೀರಿ. ಅಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಮತ್ತೆ ಶಿಲುಬೆಯ ಓರೆ ಎಲ್ಲಿ ಹೋಯಿತು?’

‘ನೇರ ಮಾಡಿದೆವು ಮದಾಮ್.’

‘ಯಾರು ಹೇಳಿದರು ನೇರ ಮಾಡಲಿಕ್ಕೆ?’

ಯಾರೂ ಹೇಳಿರಲಿಲ್ಲ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೆವು. ಮುದೀರ್ ಅರಬಿಯಲ್ಲಿ ಬೈದದ್ದನ್ನು ಕನ್ನಡ ಮಾಡುವುದಿಲ್ಲ. ಗುಮ್ಮಟಗಳನ್ನು ಒಂದೊಂದಾಗಿ ಹೊಸದಾಗಿ ಮಾಡಿದೆವು. ಒಂದು ಅನಾನಸಿನ ಹಾಗೆ ಮುಳ್ಳುಮುಳ್ಳು, ಒಂದು ತಿರುಚಿದ ಪಟ್ಟೆ, ಒಂದು ಗೆರೆಗೆರೆ. ಅದನ್ನು ಮಾಡುವಾಗ ನನಗೆ ಒಂದು ವಿಷಯ ತಿಳಿಯಿತು. ಸರಿಸಮ ಇಲ್ಲದೆಯೂ ಒಂದು ಕಟ್ಟಡ ಸರಿಯಾಗಿ ನಿಲ್ಲುತ್ತದೆ. ಅಪ್ಪನಿಗೆ ತೋರಿಸಬೇಕಿತ್ತು ಅನಿಸಿತು, ಅಷ್ಟರಲ್ಲಿ ಅವರು ತೀರಿಕೊಂಡು ವರ್ಷಗಳಾಗಿದ್ದವು.

ಪ್ರದರ್ಶನ ಮುಗಿದ ಮೇಲೆ ಲಿದಿಯಾ ಮತ್ತೆ ವರ್ಕ್‌ಶಾಪಿಗೆ ಬಂದರು, ಈ ಸಲ ಒಬ್ಬರೇ. ಕೈಯಲ್ಲಿ ಮಾಸಿದ ಒಂದು ಫೋಟೋ. ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಕಟ್ಟಿದ ಚಿಕ್ಕ ಇಗರ್ಜಿ, ಚೂಪು ಮಾಡು, ಅದರ ಮೇಲೆ ಮರದ್ದೇ ಸಣ್ಣ ಈರುಳ್ಳಿ ಗುಮ್ಮಟ. ಬಾಗಿಲ ಮುಂದೆ ತಲೆಗೆ ಬಟ್ಟೆ ಕಟ್ಟಿದ ಹೆಂಗಸರು ಸಾಲಾಗಿ ನಿಂತಿದ್ದರು. ಅದರಲ್ಲೊಬ್ಬರು ಅವರ ತಾಯಿ.

ಲಿದಿಯಾ ಹುಡುಗಿಯಾಗಿದ್ದಾಗ ಆ ಇಗರ್ಜಿಗೆ ಸರ್ಕಾರದ ಬೀಗ. ಒಳಗೆ ಆಲೂಗಡ್ಡೆಯ ದಾಸ್ತಾನು, ಮಕ್ಕಳು ಆ ಕಡೆ ಸುಳಿಯುವ ಹಾಗಿರಲಿಲ್ಲ. ಇವರು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಬೀಗ ತೆರೆಯಿತು. ಆಲೂಗಡ್ಡೆಯನ್ನು ಹೊರಗೆ ಸಾಗಿಸಿ, ನೆಲ ಉಜ್ಜಿ ತೊಳೆದವರು ಅವರ ತಾಯಿ. ಅಂದಿನಿಂದ ದಿನಾ ಅದನ್ನು ಗುಡಿಸುವ ಕೆಲಸವನ್ನು ತಾವೇ ಹಚ್ಚಿಕೊಂಡರು. ಕಣ್ಣು ಪೂರ್ತಿ ಹೋದ ಮೇಲೆ ಮಗಳು ಅವರನ್ನು ಇಲ್ಲಿಗೆ ಕರೆಸಿಕೊಂಡದ್ದು. ಬಂದ ಮರುವರ್ಷ ಸಿಡಿಲು ಬಡಿದು ಇಗರ್ಜಿ ಸುಟ್ಟು ಹೋಯಿತು. ನೆರೆಮನೆಯವರು ಫೋನು ಮಾಡಿ ಹೇಳಿದರು. ಫೋನು ಎತ್ತಿದ್ದು ಆ ಅಜ್ಜಿಯೇ.

‘ಆವತ್ತಿನಿಂದ ಅಮ್ಮ ಮಾತಾಡುವುದಿಲ್ಲ,’ ಅಂದರು ಲಿದಿಯಾ. ‘ಊಟ ಕೊಟ್ಟರೆ ಒಂದು ಚಮಚ. ಗೋಡೆ ಕಡೆ ಮುಖ ಮಾಡಿ ಕೂರುತ್ತಾಳೆ. ನನಗೆ ಅದು ಬೇಕು ಮುಅಲ್ಲಿಮ್. ಅವಳು ಕೈಯಿಂದ ಮುಟ್ಟಿ ನೋಡುವ ಹಾಗೆ. ಆಟದ ಸಾಮಾನಿನ ಹಾಗೆ ಇರಬಾರದು.’

ಮುದೀರ್ ತಲೆಯಾಡಿಸಿ, ಪ್ರಿಂಟ್ ಮಾಡಿದರೆ ಎರಡು ದಿನದಲ್ಲಿ ಖಲಾಸ್ ಅಂದರು. ನಾನು ಒಪ್ಪಲಿಲ್ಲ. ಪ್ಲಾಸ್ಟಿಕ್ ಮುಟ್ಟಿದರೆ ಎಲ್ಲ ಒಂದೇ, ಚಹಾದ ಕಪ್ಪು ಯಾವುದು, ಇಗರ್ಜಿ ಯಾವುದು ಎಂದು ಬೆರಳಿಗೆ ಗೊತ್ತಾಗುವುದಿಲ್ಲ. ಜೀವನವಿಡೀ ‘ಮುಟ್ಟಬೇಡಿ’ ಎಂದು ಬೋರ್ಡು ಅಂಟಿಸಿದವನಿಗೆ ಮೊದಲ ಸಲ ಮುಟ್ಟುವುದಕ್ಕೆಂದೇ ಒಂದು ಕಟ್ಟಡ ಮಾಡುವ ಯೋಗ ಬಂದಿತ್ತು. ಮರದಿಂದಲೇ ಮಾಡುತ್ತೇನೆ, ಬೇಕಾದರೆ ಡ್ಯೂಟಿ ಮುಗಿದ ಮೇಲೆ ಮಾಡುತ್ತೇನೆ ಅಂದೆ. ಮುದೀರ್ ನನ್ನ ಮುಖ ನೋಡಿ, ‘ನಿನಗೆ ಹುಚ್ಚು’ ಎಂದು ಹೇಳಿ ಮರದ ಅಂಗಡಿಗೆ ತಾವೇ ಫೋನು ಮಾಡಿದರು.

ಹೊಸಬರಿಗೆ ಈ ಭಾಗ ಸ್ವಲ್ಪ ವಿವರವಾಗಿ ಹೇಳುತ್ತೇನೆ. ದಿಮ್ಮಿಗಳಿಗೆ ಉರುಟು ಕಡ್ಡಿ ತಂದು, ಮೂಲೆಯಲ್ಲಿ ಒಂದಕ್ಕೊಂದು ಕಚ್ಚಿ ಕೂರುವ ಹಾಗೆ ಪ್ರತಿಯೊಂದಕ್ಕೂ ಗಂಟಲು ಕೊರೆದೆ. ಆಣಿ ಇಲ್ಲ, ಗೋಂದು ಕಡಿಮೆ. ಫೋಟೋದಲ್ಲಿ ಕಾಣದ ಬೆನ್ನಿನ ಗೋಡೆಯನ್ನು ಅಂಥದೇ ಬೇರೆ ಇಗರ್ಜಿಗಳ ಚಿತ್ರ ನೋಡಿ ಮಾಡಿದೆ. ರಷ್ಯದ ಹಳ್ಳಿಯ ಬಡಗಿಯೂ ಕಾರ್ಕಳದ ಆಚಾರಿಯೂ ಒಂದೇ ಗುರುವಿನ ಹತ್ತಿರ ಕಲಿತವರಿರಬೇಕು ಅನಿಸಿತು. ಮಾಡಿಗೆ ಹೆಂಚಿನ ಬದಲು ಮೀನಿನ ಹುರುಪೆಯ ಹಾಗೆ ಮರದ ಚಕ್ಕೆ ಹೊದಿಸಿರುತ್ತಾರೆ. ಬಿಸಿಲು ಹಿಮ ಉಂಡು ಅದು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದಂತೆ. ಆ ಬಣ್ಣ ಹಮೀದಾಕನಿಗೆ ಯಾವ ಡಬ್ಬಿಯಲ್ಲೂ ಸಿಗಲಿಲ್ಲ.

‘ಹಳೇ ದೋಣಿಯ ಬಣ್ಣ ಅಲ್ವಾ ಇದು?’ ಎಂದರು ಒಂದು ದಿನ. ‘ಉಳ್ಳಾಲದ ಕಡಪ್ಪುರದ ಮರಳಲ್ಲಿ ಮಗುಚಿ ಹಾಕಿದ ದೋಣಿ ಹೀಗೇ ಇರ್ತದೆ. ನಿಲ್ಲು.’

ವಿನೆಗರ್‌ನಲ್ಲಿ ತುಕ್ಕು ಹಿಡಿದ ಆಣಿಗಳನ್ನು ನೆನೆಹಾಕಿ ಆ ನೀರನ್ನು ಚಕ್ಕೆಗಳಿಗೆ ಹಚ್ಚಿದರು. ಒಣಗುತ್ತಾ ಹೋದ ಹಾಗೆ ಮರ ಬೂದಿಯಾಗಿ, ಬೆಳ್ಳಿಯಾಗಿ ಬದಲಾಯಿತು. ವರ್ಕ್‌ಶಾಪೆಲ್ಲ ಉಪ್ಪಿನಕಾಯಿಯ ಹುಳಿ ವಾಸನೆ. ಊರು ಬಿಟ್ಟು ಬಂದವರಿಬ್ಬರೂ ಆ ಬೂದಿ ಬಣ್ಣವನ್ನು ನೋಡುತ್ತಾ ತುಂಬ ಹೊತ್ತು ನಿಂತೆವು. ಅವರು ದೋಣಿ ನೋಡಿದರು, ನಾನು ಏನು ನೋಡಿದೆ ಎಂದು ಈಗಲೂ ಹೇಳಲಾರೆ. ಮನಸ್ಸಿಗೆ ಒಂದು ತರ ಆಯಿತು ಅಷ್ಟೆ.

ಇಗರ್ಜಿಯ ಸುತ್ತಮುತ್ತಲಿನದೂ ಇರಲಿ ಎಂದು ಲಿದಿಯಾ ಕೈಯಿಂದಲೇ ನಕ್ಷೆ ಬರೆದು ಕೊಟ್ಟಿದ್ದರು. ಪಡುವಣಕ್ಕೆ ಹೊಳೆ, ಮೂಡಣಕ್ಕೆ ಅವರ ಮನೆ, ಮನೆಯಿಂದ ಇಗರ್ಜಿಗೆ ಒಂದು ಓಣಿ, ಹೊಳೆಯ ಬದಿಗೆ ಒಂದು ಬರ್ಚ್ ಮರ. ಇಗರ್ಜಿ ಇರುವಲ್ಲಿ ಒಂದು ಚೌಕ ಮಾತ್ರ. ಅದರಂತೆ ಮನೆ, ಓಣಿ, ಹುಲ್ಲು ಎಲ್ಲ ಮಾಡಿದ ಹಲಗೆಗೆ ಕಟ್ಟಡವನ್ನು ಕೂರಿಸುವ ದಿನ ಹಮೀದಾಕ ಕೇಳಿದರು:

‘ಇದರ ಮುಖ ಯಾವ ಕಡೆ?’

‘ಮೂಡಕ್ಕೆ. ಮತ್ತೆಂತ?’

‘ನಿಮ್ಮ ದೇವಸ್ಥಾನದ್ದು ಮೂಡು. ನಮ್ಮ ಊರಿನ ಪಳ್ಳಿಯಲ್ಲಿ ನಮಾಜಿಗೆ ನಿಲ್ಲುದು ಪಡುವಿಗೆ ಮುಖ ಮಾಡಿ. ಇವರದ್ದು ಎಂತದೋ, ಕೇಳುವ ಅಲ್ವಾ ಒಮ್ಮೆ?’

‘ಮನೆ ಆ ಕಡೆ ಉಂಟು, ಓಣಿ ಆ ಕಡೆ ಉಂಟು, ಸೂರ್ಯ ಆ ಕಡೆ ಹುಟ್ಟುದು. ಬಾಗಿಲು ಹೊಳೆಗೆ ಮಾಡಲಿಕ್ಕೆ ಅವರೇನು ಮೀನಿಗೆ ಪೂಜೆ ಮಾಡ್ತಾರಾ?’ ಎಂದು ಅವರ ಬಾಯಿ ಮುಚ್ಚಿಸಿದೆ. ಅಪ್ಪನ ಪದ್ಧತಿಯಂತೆ ಕಟ್ಟಡದ ನಾಲ್ಕು ಮೂಲೆಗೆ ಮರದ ಗೂಟ, ಹಲಗೆಯಲ್ಲಿ ನಾಲ್ಕು ತೂತು. ಒತ್ತಿದೆ, ಕೂತಿತು.

ಸಾಲ್ಮಿಯಾದಲ್ಲಿ ಅವರ ಮನೆ. ಮಾಡೆಲನ್ನು ನಾನೂ ಹಮೀದಾಕನೂ ಹೊತ್ತುಕೊಂಡು ಹೋಗಿ ಕಿಟಕಿ ಪಕ್ಕದ ಮೇಜಿನ ಮೇಲೆ ಇಟ್ಟೆವು. ಲಿದಿಯಾ ನೋಡಿ ನಿಂತರು. ಏನೋ ಹೇಳಹೊರಟು, ತಮಗೇ ಖಚಿತವಿಲ್ಲದವರ ಹಾಗೆ ಬಿಟ್ಟರು. ಚಿಕ್ಕಂದಿನಲ್ಲಿ ಬೀಗ ಹಾಕಿದ ಇಗರ್ಜಿಯನ್ನು ದೂರದಿಂದ ಕಂಡವರು, ಆಮೇಲೆ ಒಂದು ಫೋಟೋ ಮಾತ್ರ ನೋಡಿದವರು, ಅವರಿಗೆ ಅಷ್ಟೇ ಗೊತ್ತು.

ಒಳಗಿನಿಂದ ಅಜ್ಜಿಯನ್ನು ಕೈಹಿಡಿದು ಕರೆತಂದರು. ಗುಬ್ಬಚ್ಚಿಯಷ್ಟು ಹೆಂಗಸು, ತಲೆಗೆ ಬಿಳಿ ಬಟ್ಟೆ. ಕುರ್ಚಿಯಲ್ಲಿ ಕೂರಿಸಿ, ಬಲಗೈಯನ್ನು ಹಲಗೆಯ ಮೇಲೆ ಇಟ್ಟರು. ಕೈ ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ಒಂದು ಬೆರಳು ಎದ್ದಿತು. ಮನೆಯ ಮಾಡು ಸಿಕ್ಕಿತು, ಕಿಟಕಿ ಸಿಕ್ಕಿತು. ಬೆರಳು ಮನೆಯಿಂದ ಇಳಿದು ಓಣಿ ಹಿಡಿದು ನಡೆಯಿತು. ನಾನು ಬಗ್ಗಿ ಅದರ ಹಿಂದೆಯೇ ಕಣ್ಣಿಟ್ಟೆ. ಎಷ್ಟೋ ಶೇಖ್‌ಗಳ ಮುಂದೆ ಮಾಡೆಲ್ ಇಟ್ಟಿದ್ದೇನೆ, ಯಾರ ಬೆರಳನ್ನೂ ಹೀಗೆ ಕಾದಿರಲಿಲ್ಲ. ಬೆರಳು ಇಗರ್ಜಿಗೆ ಮುಟ್ಟಿತು. ಮೆಟ್ಟಿಲು, ಬಾಗಿಲು. ಅಲ್ಲೇ ನಿಂತಿತು. ಅಜ್ಜಿ ಕೈಯನ್ನು ಹಿಂದಕ್ಕೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಮೆಲ್ಲಗೆ ಏನೋ ಹೇಳಿದರು, ಅಷ್ಟು ದಿನಗಳ ಮೇಲೆ ಆಡಿದ ಮೊದಲ ಮಾತು.

ಲಿದಿಯಾ ಅನುವಾದ ಮಾಡುವಾಗ ನನ್ನ ಮುಖ ನೋಡಲಿಲ್ಲ. ‘ಒಳ್ಳೆಯ ಇಗರ್ಜಿ ಅನ್ನುತ್ತಾಳೆ. ಆದರೆ ನಮ್ಮದಲ್ಲವಂತೆ.’

ಹಮೀದಾಕ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಆಮೇಲೆ, ‘ಕೇಳಿ ಮದಾಮ್, ಬಾಗಿಲು ಯಾವ ಕಡೆ ಅಂತ ಕೇಳಿ,’ ಅಂದೆ.

ಅಜ್ಜಿ ಕೈ ಎತ್ತಿ ತೋರಿಸಿದರು, ಹೊಳೆಯ ಕಡೆಗೆ. ಬಲಿಪೀಠ ಇರುವ ಬೆನ್ನಿನ ಭಾಗ ಮೂಡಕ್ಕೆ, ಬಾಗಿಲು ಪಡುವಣಕ್ಕೆ. ಜನ ಒಳಗೆ ಬಂದು ಮೂಡಣಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ‘ನಮ್ಮ ಅಡುಗೆಮನೆಯ ಕಿಟಕಿಯಿಂದ ಇಗರ್ಜಿಯ ಬೆನ್ನು ಮಾತ್ರ ಕಾಣುತ್ತಿತ್ತು,’ ಅಂದರಂತೆ. ‘ಮುಖ ನೋಡಬೇಕಾದರೆ ಸುತ್ತು ಹಾಕಿ ಹೊಳೆಯ ಬದಿಗೇ ಹೋಗಬೇಕು. ದಿನಾ ಹೋಗುತ್ತಿದ್ದೆ.’

ಅಪ್ಪನ ಗೂಟದ ಬೆಲೆ ಆವತ್ತು ತಿಳಿಯಿತು. ಗೋಂದಿನಿಂದ ಅಂಟಿಸಿದ್ದರೆ ಒಡೆಯಬೇಕಿತ್ತು. ಎರಡೂ ಕೈಯಿಂದ ಇಗರ್ಜಿಯನ್ನು ಮೇಲಕ್ಕೆತ್ತಿದೆ, ತಿರುಗಿಸಿದೆ, ಅದೇ ತೂತುಗಳಿಗೆ ಮತ್ತೆ ಒತ್ತಿದೆ. ಮೆಟ್ಟಿಲು ಮೊದಲಿದ್ದ ಕಡೆ ಹುಲ್ಲು ಕಿತ್ತು ಬೋಳು ಕಲೆ ಉಳಿಯಿತು. ಅಜ್ಜಿಯ ಬೆರಳು ಮತ್ತೆ ಮನೆಯಿಂದ ಹೊರಟಿತು. ಓಣಿ ಮುಗಿಯಿತು. ಮೂಲೆ ಮುರಿದು ಐದು ಬದಿ ಮಾಡಿದ ಬೆನ್ನಿನ ಗೋಡೆ ಸಿಕ್ಕಿತು. ಅದನ್ನು ಸವರಿಕೊಂಡು, ಗೋಡೆಯ ಉದ್ದಕ್ಕೂ ನಡೆದು, ಸುತ್ತು ಹಾಕಿ, ಬರ್ಚ್ ಮರ ದಾಟಿ, ಬಾಗಿಲಿಗೆ ಬಂದಿತು. ಅಜ್ಜಿ ಅಳಲಿಲ್ಲ. ಗಟ್ಟಿಯಾಗಿ ಉಸಿರು ಬಿಟ್ಟು, ಮಗಳ ಹತ್ತಿರ ಮಾತಾಡಲು ಶುರು ಮಾಡಿದರು. ನಿಲ್ಲಿಸಲೇ ಇಲ್ಲ. ಲಿದಿಯಾ ಅನುವಾದ ಮಾಡುವುದನ್ನೇ ಮರೆತು ಅಳುತ್ತಿದ್ದರು.

ಬೋಳು ಕಲೆಗೆ ನಾಳೆ ಹುಲ್ಲು ಹಚ್ಚುತ್ತೇನೆ ಅಂದೆ. ಬೇಡ, ಅಲ್ಲಿ ದನ ಮಲಗುತ್ತಿತ್ತು, ಹುಲ್ಲು ಇರಲೇ ಇಲ್ಲ ಅಂದರು ಅಜ್ಜಿ.

ಶಿಲುಬೆಯನ್ನು ನಾನು ಇನ್ನೂ ಇಟ್ಟಿರಲಿಲ್ಲ. ಕಿಸೆಯಿಂದ ತೆಗೆದು ಅವರ ಅಂಗೈಗೆ ಕೊಟ್ಟೆ. ಕೆಳಗಿನ ಪಟ್ಟಿಯ ಓರೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿ ತಲೆಯಾಡಿಸಿದರು. ನನ್ನ ಮನಸ್ಸು ತಣ್ಣಗಾಯಿತು. ಎಡಗೈಯಿಂದ ಗುಮ್ಮಟದ ತುದಿ ಹುಡುಕಿ ಬಲಗೈಯಿಂದ ಕೂರಿಸಿದರು. ನಾವಿಬ್ಬರೂ ಒಂದು ಹೆಜ್ಜೆ ಹಿಂದೆ ನಿಂತಿದ್ದೆವು.

ಆಮೇಲೆ ಕೆಲವು ಶುಕ್ರವಾರ ನಾನು ಆ ಮನೆಗೆ ಹೋಗುತ್ತಿದ್ದೆ. ಮಾಡೆಲಿನ ಮುರಿದ ಬೇಲಿ ಸರಿಮಾಡಲಿಕ್ಕೆ ಎಂಬುದು ನೆವ, ನಿಜವಾಗಿ ಅಜ್ಜಿಯ ಮಾತು ಕೇಳಲಿಕ್ಕೆ. ಇಗರ್ಜಿಯ ಬಾಗಿಲು ತಗ್ಗಂತೆ, ಎಂಥವನೂ ಬಗ್ಗಿಯೇ ಒಳಗೆ ಬರಬೇಕು. ದಿಮ್ಮಿಗಳ ಅಡಿಗೆ ಹೊಳೆಯಿಂದ ಉರುಳಿಸಿ ತಂದ ಗುಂಡುಕಲ್ಲು, ಮೂಲೆಗೊಂದು. ಚಳಿಗಾಲದಲ್ಲಿ ಮರ ಟಪ್ ಟಪ್ ಎಂದು ಶಬ್ದ ಮಾಡುತ್ತದೆ. ಒಂದು ದಿನ ಮಾಡು ಎತ್ತಲು ಹೇಳಿ, ಒಳಗೆ ಬೆರಳು ಇಳಿಸಿ, ಎಡಗೋಡೆಯ ಎರಡನೇ ಕಿಟಕಿಯ ಕೆಳಗೆ ಒತ್ತಿ ಹಿಡಿದರು. ‘ಇಲ್ಲಿ ನಾನು ನಿಲ್ಲುತ್ತಿದ್ದದ್ದು. ಪೊರಕೆಯೂ ಇಲ್ಲೇ.’ ಮುಂದಿನ ವಾರ ನಮ್ಮ ವರ್ಕ್‌ಶಾಪಿನ ಹಿಡಿಸೂಡಿಯಿಂದ ಕಡ್ಡಿಯೊಂದನ್ನು ಎಳೆದು, ಸೀಳಿ, ಬೆಂಕಿಕಡ್ಡಿಯಷ್ಟು ಪೊರಕೆ ಕಟ್ಟಿ ಅಲ್ಲಿ ಒರಗಿಸಿದೆ. ತೆಂಗಿನ ಗರಿಯ ಕಡ್ಡಿ ರಷ್ಯದ ಇಗರ್ಜಿಯಲ್ಲಿ! ಅಜ್ಜಿ ಮುಟ್ಟಿ ನೋಡಿ ಜೋರಾಗಿ ನಕ್ಕರು. ಇದು ಗಟ್ಟಿ ಇದೆ, ನಮ್ಮದಕ್ಕಿಂತ ಒಳ್ಳೆಯದು ಅಂದರಂತೆ.

ಆ ದಿನಗಳಲ್ಲಿ ನಾನು ಪುಷ್ಪಾಳ ಹತ್ತಿರ, ರಿಟೈರ್ ಆದ ಮೇಲೆ ಒಮ್ಮೆ ಅಲ್ಲಿಗೆ ಹೋಗಿ ಬರುವ ಅನ್ನುತ್ತಿದ್ದೆ. ‘ಸುಟ್ಟು ಹೋದದ್ದನ್ನು ನೋಡಲಿಕ್ಕೆ ಯಾರಾದರೂ ಹೋಗ್ತಾರಾ?’ ಅನ್ನುತ್ತಿದ್ದಳು. ಅವಳು ಹೇಳಿದ್ದು ಸರಿ. ಹೋಗಲಿಲ್ಲ.

ಕಳೆದ ಚಳಿಗಾಲದಲ್ಲಿ ಅಜ್ಜಿ ತೀರಿಕೊಂಡರು. ಅವರನ್ನು ಇಲ್ಲಿಯೇ, ಈ ಮರಳಿನಲ್ಲಿ ಮಣ್ಣು ಮಾಡಿದರು. ಹಮೀದಾಕ ಅಷ್ಟರಲ್ಲಿ ಕೆಲಸ ಬಿಟ್ಟು ಉಳ್ಳಾಲಕ್ಕೆ ಹೋಗಿದ್ದರು. ಸುದ್ದಿ ಹೇಳಲು ಫೋನು ಮಾಡಿದರೆ, ‘ಅವರಿಗೂ ಊರು ಮುಟ್ಟಲಿಕ್ಕೆ ಆಗಲಿಲ್ಲ ಅಲ್ವಾ,’ ಅಂದರು.

ಮೊನ್ನೆ ಶುಕ್ರವಾರ ಮಧ್ಯಾಹ್ನ ಪುಷ್ಪಾ ಅಡುಗೆಮನೆಯಲ್ಲಿ ಮೀನು ಕಾಯಿಸುತ್ತಿದ್ದಳು. ಫೋನು ಬಂತು, ವಿಡಿಯೋ ಕಾಲ್. ಲಿದಿಯಾ. ಹಿಂದುಗಡೆ ಆಕಾಶ, ಎತ್ತರದ ಹುಲ್ಲು. ತಾಯಿಯ ಗೋರಿಯಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡು ಊರಿಗೆ ಹೋಗಿದ್ದರು, ತಾಯಿ ನಿಲ್ಲುತ್ತಿದ್ದ ಜಾಗದಲ್ಲಿ ಹಾಕಲಿಕ್ಕೆ. ಆದರೆ ಜಾಗ ಎಲ್ಲಿ?

‘ಇಲ್ಲಿ ಏನೂ ಉಳಿದಿಲ್ಲ ಮುಅಲ್ಲಿಮ್. ಹುಲ್ಲು ಮಾತ್ರ. ಕೇಳಲಿಕ್ಕೆ ಹಳಬರು ಯಾರೂ ಇಲ್ಲ. ನಿಮಗೆ ಗೊತ್ತಲ್ಲ, ಹೇಳಿ.’

ನಾನು ಮನೆಯೊಳಗಿನ ಚಪ್ಪಲಿ ಮೆಟ್ಟಿಕೊಂಡು ಸೋಫಾದಿಂದ ಎದ್ದು ನಿಂತೆ. ‘ಬರ್ಚ್ ಮರ ಉಂಟಾ ಮದಾಮ್?’

‘ಇದೆ. ಒಂದು ಬದಿ ಕರಕಲಾಗಿದೆ.’

‘ಅದರ ಹತ್ತಿರ ಹುಲ್ಲಿನಲ್ಲಿ ಒಂದು ಗುಂಡುಕಲ್ಲು ಇರಬೇಕು. ಕಾಲಿನಿಂದ ಹುಡುಕಿ.’

ಫೋನಿನಲ್ಲಿ ಹುಲ್ಲು, ಆಕಾಶ, ಅವರ ಬೂಟು ಎಲ್ಲ ಕಲಸಿ ಹೋದವು. ಆಮೇಲೆ, ‘ಸಿಕ್ಕಿತು’ ಎಂಬ ಸ್ವರ ಬಂತು. ಅದು ಎದುರಿನ ಬಲಮೂಲೆ. ‘ಈಗ ಹೊಳೆಗೆ ಬೆನ್ನು ಹಾಕಿ ನಿಲ್ಲಿ. ಕಲ್ಲಿನಿಂದ ಎಡಕ್ಕೆ ಬನ್ನಿ. ಇನ್ನೂ ಸ್ವಲ್ಪ. ಸಾಕು. ಈಗ ನಿಮ್ಮೆದುರು ಬಾಗಿಲು. ಬಗ್ಗಿ ಮದಾಮ್, ತಗ್ಗು ಉಂಟು.’

ಆ ಬಯಲಿನ ನಡುವೆ, ಏನೂ ಇಲ್ಲದ ಕಡೆ, ಅವರು ತಲೆ ಬಗ್ಗಿಸಿ ಒಂದು ಹೆಜ್ಜೆ ಒಳಗಿಟ್ಟರು. ಹುಲ್ಲಿನ ಶಬ್ದ ನನಗೆ ಕೇಳಿಸಿತು.

‘ಎಡಗೋಡೆ ಹಿಡಿದುಕೊಂಡು ಹೋಗಿ. ಒಂದನೇ ಕಿಟಕಿ ದಾಟಿತು. ಹಾಂ, ಇದು ಎರಡನೆಯದು. ಅಲ್ಲೇ. ಪೊರಕೆ ಅಲ್ಲೇ ಇರುವುದು.’

ಅವರು ಕುಕ್ಕರಗಾಲಲ್ಲಿ ಕೂತರು. ಕೈಚೀಲದಿಂದ ಕುವೈತಿನ ಮಣ್ಣು ತೆಗೆದು ಹುಲ್ಲಿನ ಬುಡಕ್ಕೆ ಸುರಿದು, ಅಂಗೈಯಿಂದ ಒತ್ತಿದರು. ಆಮೇಲೆ ಫೋನನ್ನು ಮೂಡಣಕ್ಕೆ ತಿರುಗಿಸಿ ತೋರಿಸಿದರು. ಅಲ್ಲಿ ಹುಲ್ಲಿನ ಆಚೆಗೆ ಬೂದಿ ಬಣ್ಣದ ಒಂದು ಮನೆ, ಈ ಕಡೆಗೆ ಒಂದು ಕಿಟಕಿ. ನಾನು ಅದನ್ನು ಇಟ್ಟ ಕಡೆಯೇ ಇತ್ತು.

‘ರೀ, ಎಲ್ಲಿದ್ದೀರಿ? ಮೀನು ಆರ್ತಾ ಉಂಟು,’ ಎಂದು ಅಡುಗೆಮನೆಯಿಂದ ಪುಷ್ಪಾ ಕೂಗಿದಳು.

‘ಇಗರ್ಜಿಯ ಒಳಗಿದ್ದೇನೆ ಮಾರಾಯ್ತಿ, ಈಗ ಬಂದೆ,’ ಅಂದೆ.

ಅವಳು ಸೌಟು ಹಿಡಿದುಕೊಂಡೇ ಹೊರಗೆ ಬಂದು ನನ್ನನ್ನು ನೋಡಿದಳು. ಆಗಲೇ ನನಗೂ ಗೊತ್ತಾದದ್ದು. ಹಾಲ್‌ನ ನಡುವೆ ನಾನು ತಲೆ ಬಗ್ಗಿಸಿ ನಿಂತಿದ್ದೆ, ನನ್ನ ಚಪ್ಪಲಿಯನ್ನು ಆಚೆ ಸೋಫಾದ ಹತ್ತಿರ ಬಿಟ್ಟಿದ್ದೆ.